ನಾಯಕನ ಹೊಟ್ಟೆಪಾಡೇನು?

ಕಥೆಯ ನಾಯಕ ಬೆಳಿಗ್ಗೆ ಎದ್ದು ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಅನ್ನುವುದು ಮೂರನೇ ಕಂತು ಮುಗಿಯುವುದರೊಳಗೆ ಗೊತ್ತಾಗದಿದ್ದರೆ ನಾನು ಆ ಅನಿಮೆಯನ್ನು, ಅಂದರೆ ಜಪಾನಿನ ಆ್ಯನಿಮೇಷನ್ ಸರಣಿಯನ್ನು, ಅಲ್ಲಿಗೇ ಬಿಟ್ಟುಬಿಡುತ್ತೇನೆ. ಮೂರು ಕಂತು ನೋಡಿ, ಹಿಡಿಸದಿದ್ದರೆ ಬಿಡಿ ಅನ್ನುವುದು ಅಭಿಮಾನಿಗಳಲ್ಲಿ ಮೊದಲಿನಿಂದಲೂ ಇರುವ ರೂಢಿ. ಹೊಟ್ಟೆಪಾಡಿನ ಷರತ್ತು ಮಾತ್ರ ನನ್ನದು. ‘ಒನ್ ಪೀಸ್’ ಅಂದರೆ ಪ್ರಾಣ ಬಿಡುವ ಅಕ್ಕನ ಮಗನಿಗೆ ಇದು ದೊಡ್ಡ ತಮಾಷೆ. “ನಿನಗೆ ಬೇಕಿರೋದು ಅನಿಮೆ ಅಲ್ಲ ಚಿಕ್ಕಮ್ಮಾ, ಬ್ಯಾಲೆನ್ಸ್ ಶೀಟು” ಅನ್ನುತ್ತಾನೆ. ಅದರ ನಾಯಕ ಲೂಫಿ ಕಡಲ್ಗಳ್ಳನಲ್ಲವೇ, ಅದೂ ಒಂದು ಕಸುಬೇ ತಾನೇ ಎಂದು ವಾದಕ್ಕೂ ನಿಲ್ಲುತ್ತಾನೆ. ಆ ಲೂಫಿ ಹಡಗು ದೋಚಿದ್ದಕ್ಕಿಂತ ಮಾಂಸ ತಿಂದದ್ದೇ ಹೆಚ್ಚು ಎಂದು ನಾನು ಬಾಯಿ ಮುಚ್ಚಿಸುತ್ತೇನೆ.

ಶಿರಸಿ ಕಡೆಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು ನಾನು. ಅವನು ಹೇಳುವುದರಲ್ಲಿ ಸ್ವಲ್ಪ ನಿಜವೂ ಇದ್ದೀತು. ಆದರೂ ಜಪಾನಿನ ಈ ಅನಿಮೆ, ಮಾಂಗಾ (ಚಿತ್ರಕಥೆ), ಕಾದಂಬರಿಗಳಲ್ಲಿ ಅತ್ಯುತ್ತಮವಾದದ್ದು ಕತ್ತಿವರಸೆಯಲ್ಲ, ಮಾಂತ್ರಿಕ ಶಕ್ತಿಯಲ್ಲ, ದುಡಿಮೆ ಎಂದು ನಾನು ಯಾರೆದುರು ಬೇಕಾದರೂ ಹೇಳುತ್ತೇನೆ. ದುಡಿಮೆಯನ್ನು ಇಷ್ಟು ಪ್ರೀತಿಯಿಂದ, ಇಷ್ಟು ವಿವರವಾಗಿ ಕಥೆ ಮಾಡುವ ಜನಪ್ರಿಯ ಸಾಹಿತ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

‘ಸ್ಪೈಸ್ ಆ್ಯಂಡ್ ವುಲ್ಫ್’ ತೆಗೆದುಕೊಳ್ಳಿ. ಇಸುನಾ ಹಾಸೆಕುರಾ ಬರೆದ ಲೈಟ್ ನಾವೆಲ್ ಇದು. ಕಿಸೆಯಲ್ಲಿ ಹಿಡಿಯುವ ಗಾತ್ರ, ಅಲ್ಲಲ್ಲಿ ಚಿತ್ರಗಳು, ಸಲೀಸಾಗಿ ಓದಿಸಿಕೊಂಡು ಹೋಗುವ ಭಾಷೆ. ಮೊದಲ ಸಂಪುಟ ಬಂದದ್ದು 2006ರಲ್ಲಿ, ಅನಿಮೆ 2008ರಲ್ಲಿ. ನಾಯಕ ಲಾರೆನ್ಸ್ ಗಾಡಿ ಹೊಡೆದುಕೊಂಡು ಊರೂರು ತಿರುಗುವ ವ್ಯಾಪಾರಿ. ಜೊತೆಗಾತಿ ಹೋಲೊ ಗೋಧಿಯ ಬೆಳೆ ಕಾಯುವ ತೋಳದೇವತೆ. ಹೆಣ್ಣಿನ ರೂಪ, ತೋಳದ ಕಿವಿ, ತೋಳದ ಬಾಲ. ಬಾಲ ಕಂಡು ಮಕ್ಕಳ ಕಥೆ ಅಂದುಕೊಂಡವರು ಮೊದಲ ಸಂಪುಟದಲ್ಲೇ ಬೆಚ್ಚಬೇಕು. ಒಂದು ಬೆಳ್ಳಿ ನಾಣ್ಯದಲ್ಲಿ ಬೆಳ್ಳಿಯ ಪಾಲು ಹೆಚ್ಚಲಿದೆ ಎಂಬ ಗಾಳಿಸುದ್ದಿ ಲಾರೆನ್ಸ್‌ನ ಕಿವಿಗೆ ಬೀಳುತ್ತದೆ. ಹೋಲೊ ಹಳೆಯ ನಾಣ್ಯ, ಹೊಸ ನಾಣ್ಯಗಳ ಸದ್ದನ್ನು ಕಿವಿಗೊಟ್ಟು ಕೇಳಿ, ಹೊಸದು ಮಂಕಾಗಿದೆ ಅನ್ನುತ್ತಾಳೆ. ಅಂದರೆ ಬೆಳ್ಳಿ ಇಳಿಯುತ್ತಿದೆ! ನಮ್ಮ ಸಂಘದಲ್ಲಿ ಬಂಗಾರದ ಸಾಲಕ್ಕೆ ಒಡವೆ ತಂದರೆ ಸರಾಫರು ಒರೆಗಲ್ಲಿಗೆ ತಿಕ್ಕಿ, ಕತ್ತು ಓರೆ ಮಾಡಿ, ಮಾತಾಡದೆ ನೋಡುತ್ತಾರಲ್ಲ, ಹೋಲೊಳ ಮುಖದಲ್ಲಿ ಥೇಟ್ ಅದೇ ಗಂಭೀರ ಭಾವ. ಹಾಗಾದರೆ ಬೆಲೆ ಇಳಿಯಲಿರುವ ನಾಣ್ಯವನ್ನು ಯಾರಾದರೂ ಯಾಕೆ ಕೂಡಿಹಾಕುತ್ತಾರೆ? ಒಗಟು ಅಲ್ಲಿದೆ, ಬಿಡಿಸಿ ಹೇಳಿ ನಿಮ್ಮ ಸುಖ ಕೆಡಿಸುವುದಿಲ್ಲ. ಹಣದ ಮೌಲ್ಯ ಅನ್ನುವುದನ್ನು ಇಷ್ಟು ಚೆನ್ನಾಗಿ ನನಗೆ ಬಿ.ಕಾಂ. ತರಗತಿಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಇದರ ಪಕ್ಕದಲ್ಲಿ ಈಗಿನ ‘ಇಸೆಕಾಯ್’ ಹಾವಳಿ ಇಟ್ಟು ನೋಡಿ. ಸೂತ್ರ ಒಂದೇ: ಹುಡುಗನಿಗೋ ಆಫೀಸಿನಲ್ಲಿ ಸವೆದುಹೋದ ನೌಕರನಿಗೋ ಲಾರಿ ಗುದ್ದುತ್ತದೆ, ಸತ್ತವನು ಇನ್ನೊಂದು ಲೋಕದಲ್ಲಿ ಹುಟ್ಟುತ್ತಾನೆ, ಹುಟ್ಟುವಾಗಲೇ ಯಾರೂ ಸೋಲಿಸಲಾಗದ ಶಕ್ತಿ ಪುಕ್ಕಟೆ ಸಿಕ್ಕಿರುತ್ತದೆ. 2004ರಲ್ಲಿ ಶುರುವಾದ ‘ಶೋಸೆತ್ಸುಕಾ ನಿ ನಾರೊ’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಕಾದಂಬರಿ ಬರೆದು ಹಾಕಬಹುದು. ಅಲ್ಲಿ ಗೆದ್ದ ಕಥೆಯನ್ನು ಪ್ರಕಾಶಕರು ಪುಸ್ತಕ ಮಾಡುತ್ತಾರೆ, ಪುಸ್ತಕ ಓಡಿದರೆ ಅನಿಮೆ. ರಾಶಿ ಕಥೆಗಳ ನಡುವೆ ಓದುಗನ ಕಣ್ಣಿಗೆ ಬೀಳಬೇಕಲ್ಲ, ಹಾಗಾಗಿ ಶೀರ್ಷಿಕೆಯೇ ಒಂದು ವಾಕ್ಯದಷ್ಟು ಉದ್ದ, ಪೂರ್ತಿ ಕಥೆ ಅದರಲ್ಲೇ. ಪಾನೀಯ ಮಾರುವ ಯಂತ್ರವಾಗಿ ಮರುಹುಟ್ಟು ಪಡೆದವನ ಕಥೆಯೂ 2023ರಲ್ಲಿ ಅನಿಮೆಯಾಗಿ ಬಂತು. (ತಮಾಷೆಯೆಂದರೆ ಅವನಿಗೊಂದು ಕಸುಬಿದೆ, ಹಾಗಾಗಿ ನಾನು ನೋಡಿದೆ.) ಆದರೆ ‘ಶೀಲ್ಡ್ ಹೀರೊ’ದಲ್ಲಿ ನಾಯಕ ಗುಲಾಮ ಹುಡುಗಿಯೊಬ್ಬಳನ್ನು ದುಡ್ಡು ಕೊಟ್ಟು ಕೊಳ್ಳುವಾಗ, ಅದನ್ನು ಕಥೆ ಅವನ ನೋವಿನ ನೆಪ ಹೇಳಿ ಸಮರ್ಥಿಸುವಾಗ, ನನಗೆ ಹೇಸಿಗೆಯಾಯಿತು. ಅಭಿಮಾನಿಯಾದ ಮಾತ್ರಕ್ಕೆ ಎಲ್ಲವನ್ನೂ ನುಂಗಬೇಕೆಂದಿಲ್ಲ.

ಹಾಗೆಂದು ಇಸೆಕಾಯ್ ಇಡಿಯಾಗಿ ಕಸ ಅನ್ನುವವರ ಜೊತೆಗೂ ನಾನಿಲ್ಲ. ಅದೇ ಜಾಲತಾಣದಲ್ಲಿ 2013ರಿಂದ ಮಿಯಾ ಕಾಜುಕಿ ಬರೆದ ‘ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್’ ಇದೆ. ಪುಸ್ತಕದ ಹುಚ್ಚಿನ ಹೆಣ್ಣೊಬ್ಬಳು ಭೂಕಂಪದಲ್ಲಿ ಪುಸ್ತಕಗಳೇ ಮೈಮೇಲೆ ಬಿದ್ದು ಸತ್ತು, ಬಡ ಸಿಪಾಯಿಯ ರೋಗಿಷ್ಠ ಮಗಳು ಮೈನ್ ಆಗಿ ಹುಟ್ಟುತ್ತಾಳೆ. ಆ ಲೋಕದಲ್ಲಿ ಪುಸ್ತಕ ಶ್ರೀಮಂತರ ಸೊತ್ತು. ಸರಿ, ನಾನೇ ಮಾಡಿಕೊಳ್ಳುತ್ತೇನೆ ಎಂದು ಹೊರಡುತ್ತಾಳೆ. ಹುಲ್ಲಿನ ನಾರು ಹೆಣೆಯುತ್ತಾಳೆ, ಕೈಗೂಡುವುದಿಲ್ಲ. ಮಣ್ಣಿನ ಹಲಗೆಯ ಮೇಲೆ ಕೊರೆದು ಸುಡುತ್ತಾಳೆ, ಬೆಂಕಿಯಲ್ಲಿ ಸಿಡಿದುಹೋಗುತ್ತದೆ. ಮರದ ಪಟ್ಟಿಗಳ ಮೇಲೆ ಬರೆದಿಡುತ್ತಾಳೆ, ಅಮ್ಮ ಅದನ್ನು ಸೌದೆಯೆಂದು ಒಲೆಗೆ ಹಾಕುತ್ತಾಳೆ. ಆ ಅಮ್ಮನದೇನೂ ತಪ್ಪಿಲ್ಲ, ಚಳಿಯ ಊರಿನಲ್ಲಿ ಮರದ ಚೂರು ಇರುವುದೇ ಉರಿಸಲಿಕ್ಕೆ. ಕೊನೆಗೆ ತೊಗಟೆಯ ನಾರಿನಿಂದ ಕಾಗದ ಮಾಡಲು ಹೊರಟಾಗ ಬಾಣಲೆಗೆ, ಚೌಕಟ್ಟಿಗೆ, ಬೂದಿಗೆ ದುಡ್ಡು ಯಾರು ಕೊಡುತ್ತಾರೆ, ಲಾಭದಲ್ಲಿ ಪಾಲು ಎಷ್ಟು ಎಂದು ವ್ಯಾಪಾರಿ ಬೆನ್ನೊ ಜೊತೆ ಚೌಕಾಸಿ. 33 ಸಂಪುಟಗಳ ಕಥೆಯ ಬುನಾದಿ ಈ ಚೌಕಾಸಿಯಲ್ಲಿದೆ. ಇಲ್ಲೂ ನಾಯಕಿ ಸತ್ತು ಹುಟ್ಟಿದವಳೇ, ಆದರೆ ಪುಕ್ಕಟೆ ಕಾಗದ ಒಂದು ಹಾಳೆಯೂ ಇಲ್ಲ.

ನನ್ನನ್ನು ಪೂರ್ತಿ ಸೋಲಿಸಿದ್ದು ಮಾತ್ರ ‘ಸಿಲ್ವರ್ ಸ್ಪೂನ್’. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಬರೆದು ಜಗತ್ಪ್ರಸಿದ್ಧಳಾದ ಹಿರೊಮು ಅರಕಾವಾ 2011ರಿಂದ 2019ರವರೆಗೆ ಚಿತ್ರಿಸಿದ ಮಾಂಗಾ. ಹೊಕ್ಕೈಡೊ ದ್ವೀಪದ ಹೈನುಗಾರರ ಮಗಳು ಆಕೆ, ಏಳು ವರ್ಷ ಮನೆಯ ಕೊಟ್ಟಿಗೆಯಲ್ಲಿ ದುಡಿದವಳು. ಈಗಲೂ ತನ್ನ ಚಿತ್ರ ಬರೆಯಬೇಕಾದಲ್ಲಿ ಕನ್ನಡಕ ಹಾಕಿದ ಹಸು ಬರೆಯುತ್ತಾಳೆ. ಅಂಕಗಳ ಓಟದಲ್ಲಿ ಬಸವಳಿದ ಸಪ್ಪೊರೊ ನಗರದ ಹುಡುಗ ಹಾಚಿಕೆನ್, ಅಪ್ಪನ ಕಣ್ತಪ್ಪಿಸಲೆಂದೇ ಹಳ್ಳಿಗಾಡಿನ ಕೃಷಿ ಪ್ರೌಢಶಾಲೆ ಸೇರುತ್ತಾನೆ. ಕೋಳಿ ಮೊಟ್ಟೆ ಎಲ್ಲಿಂದ ಹೊರಬರುತ್ತದೆ ಎಂದು ಕಣ್ಣಾರೆ ಕಂಡು ಅನ್ನ ಸೇರದೆ ಒದ್ದಾಡುತ್ತಾನೆ. ಸೊರಗಿದ ಹಂದಿಮರಿಯೊಂದನ್ನು ಹಚ್ಚಿಕೊಂಡಾಗ, ತಿನ್ನುವ ಪ್ರಾಣಿಗೆ ಹೆಸರಿಡಬೇಡ ಅನ್ನುತ್ತಾರೆ. ಇವನು ಹೆಸರಿಡುತ್ತಾನೆ, ಅದೂ ಹಂದಿಮಾಂಸದ ಊಟದ ಹೆಸರು: ಬುತಾದೊನ್. ಅದು ಬಲಿತು ಕಸಾಯಿಖಾನೆಗೆ ಹೋಗುತ್ತದೆ. ರಜೆಯಲ್ಲಿ ಕೂಲಿ ಮಾಡಿ ಗಳಿಸಿದ ದುಡ್ಡು ಕೊಟ್ಟು ಅದರ ಮಾಂಸವನ್ನು ಅವನೇ ಕೊಳ್ಳುತ್ತಾನೆ, ಹೊಗೆಯಲ್ಲಿಟ್ಟು ಹದ ಮಾಡುತ್ತಾನೆ, ಗೆಳೆಯರೊಂದಿಗೆ ತಿನ್ನುತ್ತಾನೆ. ನಾನು ಸಸ್ಯಾಹಾರಿ. ಈ ಪುಟಗಳಲ್ಲಿ ಅರಕಾವಾ ನನ್ನನ್ನಾಗಲಿ ಮಾಂಸಾಹಾರಿಯನ್ನಾಗಲಿ ಹೊಗಳಲಿಲ್ಲ, ಬೈಯಲಿಲ್ಲ. ಅದಕ್ಕೇ ಆ ಪುಟಗಳನ್ನು ನಂಬಿದೆ.

ಆಮೇಲೆ ಬರುತ್ತದೆ ಸಹಪಾಠಿ ಕೊಮಾಬಾನ ಮನೆಯ ಪ್ರಕರಣ. ಬೇಸ್‌ಬಾಲ್‌ನಲ್ಲಿ ದೊಡ್ಡ ಹೆಸರು ಮಾಡುವ ಕನಸಿನ ಹುಡುಗ. ಮನೆಯ ಹೈನುಗಾರಿಕೆ ಸಾಲದಲ್ಲಿ ಮುಳುಗುತ್ತದೆ, ಹಸುಗಳು ಮಾರಾಟವಾಗುತ್ತವೆ, ಅವನು ಶಾಲೆ ಬಿಟ್ಟು ದುಡಿಮೆಗೆ ಹೊರಡುತ್ತಾನೆ. ಅಷ್ಟಕ್ಕೇ ಮುಗಿಯುವುದಿಲ್ಲ. ನೆರೆಯ ಮಿಕಾಗೆ ಕುಟುಂಬ ಆ ಸಾಲಕ್ಕೆ ಜಾಮೀನು ಹಾಕಿತ್ತು. ಈಗ ಅವರ ಕುದುರೆಗಳೂ ಹೋಗಬೇಕು. ಜಾಮೀನುದಾರ! ಹದಿಹರೆಯದ ಹುಡುಗರು ಓದುವ ವಾರಪತ್ರಿಕೆಯ ಮಾಂಗಾದಲ್ಲಿ ಖಳನಾಯಕನಾಗಿ ಬರುವುದು ರಾಕ್ಷಸನಲ್ಲ, ಜಾಮೀನಿನ ಸಹಿ. ಜಾಮೀನು ಹಾಕಿದ ತಪ್ಪಿಗೆ ನೋಟಿಸು ಹಿಡಿದು ಬಂದು ಕೌಂಟರಿನ ಮುಂದೆ ನಿಲ್ಲುವ ನೆರೆಯವರ ಮುಖ ನಾನು ಕಂಡಿದ್ದೇನೆ. ಸಾಲಗಾರನ ಮೇಲೆ ಅವರಿಗೆ ಸಿಟ್ಟು ಬರುವುದು ಎಷ್ಟೋ ಹೊತ್ತಿನ ಮೇಲೆ, ಮೊದಲು ಬರುವುದು ನಾಚಿಕೆ. ಅರಕಾವಾಗೆ ಅದು ಗೊತ್ತಿದೆ. ಎರಡು ಮನೆಯವರೂ ಒಬ್ಬರನ್ನೊಬ್ಬರು ದೂರುವುದಿಲ್ಲ, ಅದೇ ಎದೆ ಹಿಂಡುತ್ತದೆ.

ಇದರ ಅನಿಮೆ ಎರಡು ಸೀಸನ್‌ಗೆ, 22 ಕಂತಿಗೆ ನಿಂತುಹೋಯಿತು; ಕಥೆ ಇನ್ನೂ ಬಹಳ ಬಾಕಿ. ಜಪಾನಿನಲ್ಲಿ ಎಷ್ಟೋ ಅನಿಮೆಗಳು ಪುಸ್ತಕದ ಜಾಹೀರಾತು ಅಷ್ಟೇ. ಹನ್ನೆರಡು ಕಂತು ತೋರಿಸಿ ಹಸಿವು ಹುಟ್ಟಿಸುವುದು, ಉಳಿದದ್ದಕ್ಕೆ ಅಂಗಡಿಗೆ ಹೋಗಿ ಎನ್ನುವುದು. ಬೈದುಕೊಂಡೇ ನಾನೂ ಪುಸ್ತಕ ತರಿಸಿದೆ.

ಅನಿಮೆ ಮಾಡುವವರ ದುಡಿಮೆಯನ್ನೇ ಕಥೆ ಮಾಡಿದ ‘ಶಿರೊಬಾಕೊ’ ಕೂಡ ಇದೆ, 2014–15ರದು. ಬಿಡಿ ಚಿತ್ರಗಳಿಗಾಗಿ ರಾತ್ರಿಯೆಲ್ಲ ಕಾರಿನಲ್ಲಿ ಅಲೆಯುವ ಮಿಯಾಮೊರಿ, ಪಾತ್ರ ಸಿಗದೆ ಟೀವಿ ಮುಂದೆ ಒಬ್ಬಳೇ ಬಿಯರ್ ಕುಡಿಯುತ್ತ ಕೂರುವ ಅವಳ ಗೆಳತಿ, ಕಂಠದಾನ ಕಲಾವಿದೆ ಶಿಜುಕಾ. ಕೊನೆಗೆ ಶಿಜುಕಾಗೆ ಒಂದು ಚಿಕ್ಕ ಪಾತ್ರ ಸಿಕ್ಕು, ಅವಳು ನಾಲ್ಕು ಮಾತು ಹೇಳುವಾಗ ಮಿಯಾಮೊರಿ ಅಳುತ್ತಾಳೆ. ನಾನೂ ಅತ್ತೆ. ಆದರೆ ನಿಜಜೀವನದಲ್ಲಿ ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರ ಬಿಡಿಸುವ ಹೊಸಬರಿಗೆ ಹಾಳೆಗೆ ಇನ್ನೂರು ಯೆನ್ ಆಸುಪಾಸು ಸಿಗುತ್ತದೆ ಎಂಬ ವರದಿಗಳು ವರ್ಷಗಳಿಂದ ಬರುತ್ತಿವೆ. ದುಡಿಮೆಯನ್ನು ಇಷ್ಟು ಚೆಂದ ಮಾಡಿ ತೋರಿಸುವ ಉದ್ಯಮ ತನ್ನ ದುಡಿಯುವವರಿಗೆ ಮೊದಲು ನೆಟ್ಟಗೆ ಸಂಬಳ ಕೊಡಲಿ.

ನಮ್ಮಲ್ಲೇನು ಇಂಥದ್ದಿರಲಿಲ್ಲವೇ? ‘ಬಂಗಾರದ ಮನುಷ್ಯ’ದ ರಾಜೀವ ಮಣ್ಣು ಹದ ಮಾಡಿದ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಮಂದಣ್ಣ ಜೇನು ಹಿಡಿದ. ಈಗ ಟೀವಿ ಧಾರಾವಾಹಿ ಹಾಕಿ ನೋಡಿ, ನಾಯಕ ಯಾವುದೋ ಕಂಪನಿಯ ಎಂ.ಡಿ.; ಆ ಕಂಪನಿ ಏನು ತಯಾರಿಸುತ್ತದೆ ಎಂದು ಇನ್ನೂರು ಕಂತಾದರೂ ಯಾರಿಗೂ ತಿಳಿಯುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಎಂಬ ಕತ್ತಿವರಸೆಯ ಅನಿಮೆ ಚಿತ್ರ ಹಿಂದಿ, ತಮಿಳು, ತೆಲುಗು ಮಾತಾಡಿಕೊಂಡು ನಮ್ಮ ಚಿತ್ರಮಂದಿರಗಳಿಗೆ ಬಂತು, ಕನ್ನಡದಲ್ಲಿ ಬರಲಿಲ್ಲ. ಅದರ ಬಗ್ಗೆ ನನಗೆ ಅಷ್ಟೇನೂ ದುಃಖವಿಲ್ಲ, ಕತ್ತಿ ಬೀಸಲು ಭಾಷೆ ಬೇಕಿಲ್ಲ. ಕನ್ನಡದ ಪ್ರಕಾಶಕರಲ್ಲಿ ನನ್ನ ಕೋರಿಕೆ ಬೇರೆ. ಮಾಂಗಾ ತರುವ ಮನಸ್ಸು ಯಾರಿಗಾದರೂ ಇದ್ದರೆ ಮೊದಲು ‘ಸಿಲ್ವರ್ ಸ್ಪೂನ್’ ತನ್ನಿ. 15 ಸಂಪುಟ ಅಷ್ಟೇ. ಹಸು, ಸಾಲ, ಜಾಮೀನು, ಅಂಕಪಟ್ಟಿ ಇವನ್ನು ಅಡಿಟಿಪ್ಪಣಿ ಹಾಕಿ ವಿವರಿಸಬೇಕಾದ ಓದುಗ ಕರ್ನಾಟಕದಲ್ಲಿಲ್ಲ.