ಲಾಗ್‌ಬುಕ್ಕಿನ ಲೆಕ್ಕ
ನೂರು ಡೈವ್ ಮಾಡಿದ್ದೇನೆ ಎನ್ನುವವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಕಲಿತದ್ದು ಹೇಗೆ ಎಂಬುದು ನನಗೆ ಅದಕ್ಕಿಂತ ಮುಖ್ಯ. ಸ್ಕೂಬಾದ ಮೊದಲ ಕೋರ್ಸು ಓಪನ್ ವಾಟರ್ ಮೂರ್ನಾಲ್ಕು ದಿನದಲ್ಲಿ ಮುಗಿಯುತ್ತದೆ; ಕಡಲಲ್ಲಿ ನಾಲ್ಕು ಡೈವ್ ಆದರೆ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ. ಮಾಸ್ಕಿಗೆ ನುಗ್ಗಿದ ನೀರನ್ನು ಹೊರಹಾಕುವುದನ್ನು ಎಷ್ಟೋ ಕಡೆ ಈಜುಕೊಳದ ತಳದಲ್ಲಿ ಮಂಡಿಯೂರಿಸಿ ಕಲಿಸುತ್ತಾರೆ. ಕಡಲಲ್ಲಿ ಹಾಗೆ ಊರಲು ನೆಲವೇ ಸಿಗದಿರಬಹುದು, ಸಿಕ್ಕರೂ ಅಲ್ಲಿ ಹವಳವಿರಬಹುದು. ಮುಳುಗದೆ, ಮೇಲೇಳದೆ, ನೀರಿನ ನಡುವೆ ತೇಲಿ ನಿಂತೇ ಅದನ್ನು ಮಾಡಿಸುವ ಗುರು ಸಿಗಬೇಕು. ಹಾಗೆ ಕಲಿಯದವರು ಸೊಂಟಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸೀಸದ ತೂಕ ಕಟ್ಟಿಕೊಂಡು, ತೇಲಲು ನೆರವಾಗುವ ಜಾಕೆಟ್ಟಿಗೆ ಗಾಳಿ ತುಂಬುತ್ತ ಬಿಡುತ್ತ ಸಿಲಿಂಡರನ್ನು ಬೇಗ ಬರಿದು ಮಾಡುತ್ತಾರೆ. ನೂರು ಡೈವಿನಲ್ಲಿ ಗಟ್ಟಿಯಾಗುವುದು ಆ ತಪ್ಪೇ. ಕೆಲವು ಪಾಠಗಳನ್ನಂತೂ ಅನುಭವಕ್ಕೆ ಬಿಡುವಂತೆಯೇ ಇಲ್ಲ: 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ, ಉಸಿರು ಬಿಗಿಹಿಡಿದು ಏರಿದವರ ಶ್ವಾಸಕೋಶ ಹರಿಯಬಹುದು. ಹಾಗೆಂದು ಅನುಭವ ಬೇಡವೆನ್ನಲಾರೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಇಂದು ತಿಳಿಯಾಗಿರುವ ನೀರು ನಾಳೆ ಮಬ್ಬಾಗಬಹುದು, ಸೆಳೆತ ಹೆಚ್ಚಬಹುದು. ಇವತ್ತು ಇಳಿಯುವುದು ಬೇಡ ಎಂದು ದೋಣಿಯಲ್ಲೇ ತೀರ್ಮಾನಿಸುವ ವಿವೇಕವನ್ನು ಯಾವ ಈಜುಕೊಳವೂ ಕಲಿಸದು.