ಅರ್ಜಿಯೇ ಹಾಕದೆ ‘ನಮ್ಗೆ ಸಿಗುದಿಲ್ಲ’ ಎಂದರೆ ಹೇಗೆ?

ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಬಂದು ಕಾಲೇಜು ಸೇರುವವರೆಲ್ಲ ಸೇರಿಯಾದ ಮೇಲೆ ನಮ್ಮ ಪ್ರತಿ ಮೊಹಲ್ಲಾದಲ್ಲೂ ಒಂದಷ್ಟು ಮಕ್ಕಳು ಉಳಿದುಬಿಡುತ್ತಾರೆ. ಫೇಲಾದವರು, ಪಾಸಾದರೂ ಮುಂದೆ ಕಲಿಯಲಿಕ್ಕೆ ಮನೆಯಲ್ಲಿ ಅನುಕೂಲ ಇಲ್ಲದವರು, ಡಿಗ್ರಿ ಮುಗಿಸಿಯೂ ಕೆಲಸ ಸಿಗದವರು. ಹುಡುಗನಾದರೆ ‘ಪಾಸ್‌ಪೋರ್ಟ್ ಮಾಡಿಡು, ಮಾವ ವೀಸಾ ಕಳಿಸ್ತಾರೆ’ ಎನ್ನುತ್ತೇವೆ. ಹುಡುಗಿಯಾದರೆ ‘ಒಳ್ಳೆ ಸಂಬಂಧ ಬರುವ ತನಕ ಮನೆಯಲ್ಲಿರ್ಲಿ’ ಎನ್ನುತ್ತೇವೆ. ಹೀಗೆ ಎರಡು ಮೂರು ವರ್ಷ ಕಳೆದುಹೋಗುತ್ತದೆ. ಕಲಿಯುವ ವಯಸ್ಸಿನ ಒಳ್ಳೆಯ ವರ್ಷಗಳೇ ಅವು.

ಇಂಥ ಮಕ್ಕಳಿಗೆಂದೇ ಇರುವ ತರಬೇತಿಗಳು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಗ್ರಾಮೀಣ ನಿರುದ್ಯೋಗಿ ಯುವಕರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುವ ರುಡ್‌ಸೆಟ್ 1982ರಲ್ಲಿ ಶುರುವಾದದ್ದು ನಮ್ಮ ಉಜಿರೆಯಲ್ಲೇ. ಆಮೇಲೆ ಕೇಂದ್ರ ಸರಕಾರ ಇದೇ ಮಾದರಿಯನ್ನು ಬ್ಯಾಂಕುಗಳ ಮೂಲಕ ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು. ಮೊಬೈಲ್ ರಿಪೇರಿ, ಎಸಿ ಮತ್ತು ಫ್ರಿಜ್ ರಿಪೇರಿ, ದ್ವಿಚಕ್ರ ವಾಹನ ರಿಪೇರಿ, ಹೊಲಿಗೆ, ಬ್ಯೂಟಿಪಾರ್ಲರ್, ಫೋಟೊಗ್ರಫಿ ಇಂಥ ಕಸುಬುಗಳನ್ನು ಕೆಲವು ದಿನಗಳಿಂದ ಹಿಡಿದು ಸುಮಾರು ಆರು ವಾರಗಳ ತನಕ ಕಲಿಸುತ್ತಾರೆ. 2014ರಲ್ಲಿ ಆರಂಭವಾದ ದೀನ್‌ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಬಡ ಕುಟುಂಬದ 15ರಿಂದ 35ರ ಪ್ರಾಯದವರಿಗೆ. ಹೆಂಗಸರಿಗೆ 45ರ ತನಕ ಅವಕಾಶ ಉಂಟು. ಐಟಿಐ ಉಂಟು, ಜಿಟಿಟಿಸಿ ಉಂಟು. ಕಾರ್ಖಾನೆಗಳಲ್ಲಿ ಸ್ಟೈಪೆಂಡ್ ಪಡೆಯುತ್ತಾ ಕಲಿಯುವ ಅಪ್ರೆಂಟಿಸ್ ವ್ಯವಸ್ಥೆಗೆ 1961ರಿಂದಲೇ ಕಾಯ್ದೆ ಉಂಟು. ನಮ್ಮಲ್ಲಿ ಕೊರತೆ ಇರುವುದು ಅರ್ಜಿ ಹಾಕುವ ಅಭ್ಯಾಸದ್ದು.

‘ಗಲ್ಫ್ ಉಂಟಲ್ಲ’ ಎಂಬ ಧೈರ್ಯ ನಮ್ಮ ಹಿಂದಿನ ತಲೆಮಾರಿಗೆ ಅನ್ನ ಕೊಟ್ಟದ್ದು ನಿಜ. ಆದರೆ 2011ರಲ್ಲಿ ಸೌದಿಯಲ್ಲಿ ನಿತಾಖತ್ ಬಂದ ಮೇಲೆ ಎಷ್ಟು ಮನೆಗಳ ಲೆಕ್ಕಾಚಾರ ಬುಡಮೇಲಾಯಿತು ಎಂಬುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಈಗ ಅದೇ ಸೌದಿಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಟೆಕ್ನಿಷಿಯನ್ ಆಗಿ ಹೋಗುವ ಭಾರತೀಯರು ವೀಸಾಕ್ಕೆ ಮೊದಲು ಕೌಶಲ್ಯ ಪರೀಕ್ಷೆ ಪಾಸಾಗಬೇಕು. ಅಂದರೆ ಕಸುಬು ಕಲಿಯುವುದು ಊರಲ್ಲಿ ಉಳಿಯುವವನಿಗೆ ಮಾತ್ರವಲ್ಲ, ಹೊರಡುವವನಿಗೂ ಬೇಕು. ಅಣ್ಣನ ಜೊತೆ ಹೋಗಿ ವಯರಿಂಗ್ ಕಲಿತ ಹುಡುಗರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅಂಥವರಿಗೂ ದಾರಿ ಉಂಟು. ಅನುಭವದಿಂದ ಕಲಿತ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ ಇದೆ.

ಈ ಮಾತು ತೆಗೆದಾಗಲೆಲ್ಲ ಒಂದು ಉತ್ತರ ಬರುತ್ತದೆ: ‘ನಮ್ಮವರಿಗೆ ಎಲ್ಲಿ ಕೊಡ್ತಾರೆ ಮಾರಾಯ್ರೆ?’ ಈ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಹೆಸರು ಕೇಳಿದ ಕೂಡಲೇ ಮುಖ ಬದಲಾಗುವ ಅನುಭವ ಕರಾವಳಿಯ ಬ್ಯಾರಿಗಳಿಗೆ ಹೊಸತೂ ಅಲ್ಲ. ಆದರೆ ಅರ್ಜಿಯೇ ಹಾಕದಿದ್ದರೆ ಅನ್ಯಾಯ ಆಗಿದೆಯೆಂದು ತೋರಿಸಲಿಕ್ಕೆ ನಮ್ಮ ಕೈಯಲ್ಲಿ ಏನಿರುತ್ತದೆ? ಸರಕಾರಿ ಯೋಜನೆಗೆ ಅರ್ಜಿ ಹಾಕಿ ಸ್ವೀಕೃತಿ ಇಟ್ಟುಕೊಂಡವನು, ಎಷ್ಟು ಅರ್ಜಿ ಬಂತು, ಎಷ್ಟು ಮಂದಿ ಆಯ್ಕೆಯಾದರು, ತನ್ನದು ಯಾಕೆ ಹೋಯಿತು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಅಂಗಡಿ ಜಗಲಿಯಲ್ಲಿ ಕೂತು ‘ಕೊಡುದಿಲ್ಲ’ ಎನ್ನುವವನಿಗೆ ಆ ದಾರಿಯೂ ಇರುವುದಿಲ್ಲ.

ಇನ್ನು ನಮ್ಮ ಎಷ್ಟೋ ಅರ್ಜಿಗಳು ಅಧಿಕಾರಿಯ ಮೇಜು ತಲುಪುವ ಮೊದಲೇ ನಿಂತುಹೋಗುವುದು ಕಾಗದಪತ್ರದಲ್ಲಿ. ತಂದೆಯ ಹೆಸರು ಆಧಾರ್‌ನಲ್ಲಿ ಅಬ್ದುಲ್ ರಹಿಮಾನ್, ರೇಷನ್ ಕಾರ್ಡಿನಲ್ಲಿ ಅದ್ರಾಮ, ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಬಿ. ಅಬ್ದುಲ್ ರೆಹಮಾನ್. ಉಮ್ಮ ಒಂದು ಕಡೆ ಆಯಿಶಾ, ಇನ್ನೊಂದು ಕಡೆ ಐಸಮ್ಮ. ಮನೆಯವರಿಗೆ ಇವೆಲ್ಲ ಒಂದೇ ಹೆಸರು, ಕಂಪ್ಯೂಟರಿಗೆ ಬೇರೆ ಬೇರೆ ಮನುಷ್ಯರು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಗಲ್ಫ್‌ನಲ್ಲಿರುವ ತಂದೆಯ ಹಳೆಯ ಸಿಮ್ಮಿನದ್ದು. ಅದು ಬಂದ್ ಆಗಿ ವರ್ಷಗಳೇ ಆಗಿರುತ್ತದೆ. ಒಟಿಪಿ ಬರುವುದಾದರೂ ಎಲ್ಲಿಗೆ? ಕೊನೆಯ ದಿನ ಸೈಬರ್ ಅಂಗಡಿಗೆ ಓಡಿದರೆ ಇದು ಯಾವುದೂ ಸರಿಯಾಗುವುದಿಲ್ಲ.

ಆದ್ದರಿಂದ ಮಕ್ಕಳು ಹೈಸ್ಕೂಲಿನಲ್ಲಿ ಇರುವಾಗಲೇ ಹೆತ್ತವರು ಇದನ್ನು ನೋಡಿಕೊಳ್ಳಬೇಕು. ಎಸೆಸೆಲ್ಸಿ ಅಂಕಪಟ್ಟಿಗೆ ಹೋಗುವ ಹೆಸರು ಆಧಾರ್‌ನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಅಂಕಪಟ್ಟಿ ಈಗಾಗಲೇ ಬಂದಿದ್ದರೆ ಅದರಲ್ಲಿರುವಂತೆ ಆಧಾರ್ ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲಿಕ್ಕೆ ಎರಡೇ ಅವಕಾಶ, ನೋಡಿಕೊಂಡು ಮಾಡಬೇಕು. 2ಬಿ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಡಬೇಕು. ಮಗ ಅಥವಾ ಮಗಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಬೇಕು. ಹಾಗೆಯೇ ಇನ್ನೊಂದು ಎಚ್ಚರ: ರುಡ್‌ಸೆಟ್ ಆಗಲಿ, ಗ್ರಾಮೀಣ ಕೌಶಲ್ಯ ಯೋಜನೆಯಾಗಲಿ ಅಭ್ಯರ್ಥಿಯಿಂದ ತರಬೇತಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ‘ಸೀಟು ಮಾಡಿಸಿಕೊಡ್ತೇನೆ’ ಎಂದು ದುಡ್ಡು ಕೇಳುವವರನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಿಕ್ಕಸಿಕ್ಕ ಲಿಂಕ್‌ಗಳನ್ನೂ ನಂಬಬೇಡಿ.

ಎಲ್ಲ ತರಬೇತಿಯೂ ಒಳ್ಳೆಯದೇ ಎಂದು ನಾವು ಹೇಳುವುದಿಲ್ಲ. ಹೆಸರಿಗೆ ಮಾತ್ರ ನಡೆಯುವಂಥವೂ ಇರುತ್ತವೆ. ಸೇರುವ ಮೊದಲು ಎರಡು ಮೂರು ಪ್ರಶ್ನೆ ಕೇಳಬೇಕು. ದಿನಕ್ಕೆ ಎಷ್ಟು ಗಂಟೆ ಕೈಯಾರೆ ಕೆಲಸ ಮಾಡಿಸುತ್ತಾರೆ? ಹಿಂದಿನ ತಂಡದ ಮಕ್ಕಳು ಈಗ ಎಲ್ಲಿ ದುಡಿಯುತ್ತಿದ್ದಾರೆ? ಮುಗಿದ ಮೇಲೆ ವಿಚಾರಿಸುವವರು ಯಾರು? ಜುಮಾ ನಮಾಝ್‌ಗೆ, ಊಟಕ್ಕೆ ಏನು ವ್ಯವಸ್ಥೆ ಎಂಬುದನ್ನೂ ಮುಜುಗರಪಡದೆ ಮೊದಲೇ ಕೇಳಿಕೊಳ್ಳಬಹುದು.

ಹುಡುಗಿಯರ ವಿಷಯದಲ್ಲಿ ಹೆತ್ತವರ ಅಂಜಿಕೆ ನಮಗೆ ಅರ್ಥವಾಗುತ್ತದೆ. ಹಾಸ್ಟೆಲಿನಲ್ಲಿ ನಿಲ್ಲಿಸಲಿಕ್ಕೆ ಮನಸ್ಸು ಬರುವುದಿಲ್ಲ. ಆದರೆ ಬೇಡ ಎನ್ನುವ ಮೊದಲು ಒಮ್ಮೆ ಹೋಗಿ ನೋಡಿ ಬರಬಹುದಲ್ಲ? ಒಂದೇ ಮೊಹಲ್ಲಾದ ನಾಲ್ಕೈದು ಹುಡುಗಿಯರು ಒಟ್ಟಿಗೆ ಅರ್ಜಿ ಹಾಕಿದರೆ ಅರ್ಧ ಭಯ ಹೋಗುತ್ತದೆ. ದಿನಾ ಹೋಗಿ ಬರುವಂಥ ಕೋರ್ಸ್ ಆದರೆ, ಸರಕಾರಿ ಬಸ್ ಓಡುವ ದಾರಿಯಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚೂ ಇಲ್ಲ. ಬೀಡಿ ಕಟ್ಟಿ ಮನೆ ನಡೆಸಿದ ಉಮ್ಮಂದಿರು ನಮ್ಮವರು. ದುಡಿಮೆ ನಮ್ಮ ಹೆಂಗಸರಿಗೆ ಹೊಸತಲ್ಲ. ಅವರ ಹೆಣ್ಮಕ್ಕಳು ಇನ್ನೂ ಒಳ್ಳೆಯ ಕೂಲಿ ಸಿಗುವ, ಬೆನ್ನು ಮುರಿಯದ ಕೆಲಸ ಕಲಿಯಲಿ.

ಸ್ವಯಂಸೇವೆಯ ಕತೆಯೂ ಇದೇ. 2019ರ ಆಗಸ್ಟ್‌ನ ನೆರೆಯಲ್ಲಿ ಬೆಳ್ತಂಗಡಿ, ಬಂಟ್ವಾಳ ಕಡೆ ನೀರಿಗಿಳಿದವರಲ್ಲಿ, ಕೊರೋನ ಕಾಲದಲ್ಲಿ ಯಾರೂ ಮುಟ್ಟದ ಮಯ್ಯಿತ್‌ಗಳಿಗೆ ಹೆಗಲು ಕೊಟ್ಟವರಲ್ಲಿ ನಮ್ಮ ಹುಡುಗರು ಇದ್ದರು. ರಕ್ತ ಬೇಕೆಂದರೆ ನಡುರಾತ್ರಿಯೂ ಆಸ್ಪತ್ರೆಗೆ ಓಡುತ್ತಾರೆ. ಪ್ರತಿಫಲ ಅಲ್ಲಾಹನಲ್ಲಿ ಉಂಟು, ಅದರಲ್ಲಿ ಸಂಶಯ ಬೇಡ. ಆದರೆ ಅದೇ ಹುಡುಗರು ತರಬೇತಿಯನ್ನೂ ಪಡೆದರೆ ಇನ್ನೊಬ್ಬರ ಜೀವದ ಜೊತೆ ತಮ್ಮ ಜೀವವೂ ಉಳಿಯುತ್ತದೆ. ವಿಪತ್ತು ನಿರ್ವಹಣೆಯ ‘ಆಪದ ಮಿತ್ರ’ ತರಬೇತಿ 18ರಿಂದ 40ರ ಪ್ರಾಯದವರಿಗೆ, 12 ದಿನ. ನೆಹರು ಯುವ ಕೇಂದ್ರದ ರಾಷ್ಟ್ರೀಯ ಯುವ ಸ್ವಯಂಸೇವಕ ಯೋಜನೆಯಲ್ಲಿ ಹತ್ತನೇ ತರಗತಿ ಪಾಸಾದ 18ರಿಂದ 29ರೊಳಗಿನವರಿಗೆ ತಿಂಗಳಿಗೆ 5,000 ರೂಪಾಯಿ ಗೌರವಧನ ಇಟ್ಟಿದ್ದರು. 2023ರ ಅಕ್ಟೋಬರ್ 31ರಂದು ಶುರುವಾದ ‘ಮೈ ಭಾರತ್’ ವೇದಿಕೆಯಲ್ಲಿ 15ರಿಂದ 29ರ ಪ್ರಾಯದವರು ಹೆಸರು ನೋಂದಾಯಿಸಿದರೆ ಈಗಿನ ಅವಕಾಶಗಳು ತಿಳಿಯುತ್ತವೆ. ಕಾಲೇಜಿನಲ್ಲಿ ಇರುವವರಿಗೆ ಎನ್ನೆಸ್ಸೆಸ್ ಉಂಟು. ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಿದರೆ ಪ್ರಮಾಣಪತ್ರ. ಗ್ರಾಮದ ಎಲ್ಲ ಜಾತಿ, ಧರ್ಮದ ಯುವಕರ ಜೊತೆ ಒಂದೇ ತಂಡದಲ್ಲಿ ದುಡಿಯುವ ಅವಕಾಶ ಇದು. ಈಗಿನ ಕರಾವಳಿಗೆ ಅದಕ್ಕಿಂತ ದೊಡ್ಡ ಅಗತ್ಯ ಇನ್ನೇನುಂಟು?

ಹಾಗಾದರೆ ಯಾರು ಮುಂದಾಗಬೇಕು? ಜಮಾಅತ್ ಕಮಿಟಿಗಳೇ ಆಗಬೇಕು ಎಂಬುದು ನಮ್ಮ ಅಭಿಪ್ರಾಯ. ಹೊಸ ಕಟ್ಟಡ, ದೊಡ್ಡ ಖರ್ಚು ಏನೂ ಬೇಡ. ತಿಂಗಳಿಗೊಂದು ಶುಕ್ರವಾರ ಜುಮಾ ಬಳಿಕ ಮದ್ರಸದ ಹಾಲ್‌ನಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಊರಿನ ಇಬ್ಬರು ಡಿಗ್ರಿ ಓದಿದ ಯುವಕರು ಸಾಕು. ಹುಡುಗಿಯರಿಗೆ ಬೇರೆ ದಿನ, ಓದಿದ ಹೆಣ್ಮಕ್ಕಳೇ ಕೂತು ಸಹಾಯ ಮಾಡಲಿ. ಒಂದು ಪುಸ್ತಕದಲ್ಲಿ ಯಾರು, ಯಾವ ತರಬೇತಿಗೆ, ಯಾವ ದಿನ ಅರ್ಜಿ ಹಾಕಿದರು, ಸ್ವೀಕೃತಿ ಸಂಖ್ಯೆ ಯಾವುದು, ಕೊನೆಗೆ ಏನಾಯಿತು ಎಂದು ಬರೆದಿಡಲಿ. ವರ್ಷ ಕಳೆದ ಮೇಲೆ ‘ನಮ್ಮವರಿಗೆ ಕೊಡ್ತಾರಾ ಇಲ್ವಾ’ ಎಂಬ ಪ್ರಶ್ನೆಗೆ ಆ ಪುಸ್ತಕವೇ ಉತ್ತರ ಹೇಳುತ್ತದೆ.

ತರಬೇತಿ ಮುಗಿದ ಮೇಲೆ ಬಡ್ಡಿಯ ಸಾಲ ಬೇಡ ಎನ್ನುವ ಹುಡುಗರು ಬಂಡವಾಳಕ್ಕೆ ಎಲ್ಲಿಗೆ ಹೋಗಬೇಕು ಎಂಬುದೂ ದೊಡ್ಡ ಪ್ರಶ್ನೆ. ಕಸುಬು ಬಲ್ಲ ಬಡವನಿಗೆ ಅವನ ಸಲಕರಣೆ ಕೊಳ್ಳುವಷ್ಟು ಝಕಾತ್ ಕೊಡಬಹುದೆಂದು ಶಾಫಿಈ ಫಿಕ್ಹ್ ಗ್ರಂಥಗಳಲ್ಲೇ ಇದೆ; ಅದರ ವಿವರವನ್ನು ಊರಿನ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಬಹುದು. ರಮಝಾನ್‌ನಲ್ಲಿ ನೂರು ಮನೆಗೆ ನೂರು ನೂರು ರೂಪಾಯಿ ಹಂಚುವಾಗ, ಅದರ ಜೊತೆಗೆ ಒಬ್ಬ ಹುಡುಗನಿಗೆ ಟೂಲ್ ಬಾಕ್ಸ್, ಒಬ್ಬಳು ಹೆಣ್ಮಗಳಿಗೆ ಹೊಲಿಗೆ ಮೆಷಿನ್ ಕೊಡುವ ಯೋಚನೆಯನ್ನೂ ಮಾಡಲಿ. ಮುಂದಿನ ವರ್ಷ ಆ ಮನೆಯವರು ಕೈ ಚಾಚುವ ಅಗತ್ಯ ಬಾರದೆ ಹೋಗಬಹುದು, ಇನ್‌ಶಾ ಅಲ್ಲಾಹ್.

ಮುಂದಿನ ಜಮಾಅತ್ ಮಹಾಸಭೆಯಲ್ಲಿ ಲೆಕ್ಕಪತ್ರ, ಉರೂಸ್, ಮದ್ರಸ ರಿಪೇರಿಯ ಜೊತೆ ಈ ವಿಷಯವನ್ನೂ ಅಜೆಂಡಾದಲ್ಲಿ ಸೇರಿಸಿ ಎಂದು ಕಮಿಟಿಯವರಲ್ಲಿ ಕೇಳಿಕೊಳ್ಳುತ್ತೇವೆ. ಮನೆಯವರು ಅಲ್ಲಿಯ ತನಕ ಕಾಯಬೇಕಾಗಿಲ್ಲ. ಮಕ್ಕಳ ಆಧಾರ್ ಮತ್ತು ಅಂಕಪಟ್ಟಿಯನ್ನು ಈ ವಾರವೇ ಹೊರಗೆ ತೆಗೆದು, ಎರಡರಲ್ಲಿರುವ ಹೆಸರನ್ನು ಪಕ್ಕ ಪಕ್ಕ ಇಟ್ಟು ನೋಡಿ.