ಕಚೇರಿಯ ಗಣಕ ಮತ್ತು ಕನ್ನಡದ ಅವಕಾಶ

ಕಚೇರಿಗಳಿಗೆ ಯಾವ ತಂತ್ರಾಂಶ ಬೇಕೆಂದು ಸಲಹೆ ನೀಡುವ ಮಾಹಿತಿ ತಂತ್ರಜ್ಞಾನ ಪರಿಣತರ ಮಾತಿನಲ್ಲಿ ಇಂದು ಮತ್ತೆ ಮತ್ತೆ ಕೇಳಿಬರುವುದು ವೇಗ, ಮಿತವ್ಯಯ ಮತ್ತು ಕೃತಕ ಬುದ್ಧಿಮತ್ತೆ. ಕಾಸರಗೋಡಿನಂತಹ ಗಡಿನಾಡಿನ ಕಚೇರಿಯಲ್ಲಿ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಈ ಸಲಕರಣೆ ಅಲ್ಲಿನ ಜನರ ಭಾಷೆಯನ್ನು ಬಲ್ಲುದೇ?

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದೂ 1969ರ ಕೇರಳ ಆಡಳಿತ ಭಾಷಾ ಕಾಯ್ದೆ ವಿಧಿಸಿದೆ. ಕಾಗದದ ಕಾಲದಲ್ಲಿ ಈ ಹಕ್ಕು ಗುಮಾಸ್ತರ ಭಾಷಾಜ್ಞಾನವನ್ನು ಅವಲಂಬಿಸಿತ್ತು. ಇಂದು ಅವರ ಮುಂದಿರುವ ಗಣಕವನ್ನೂ ಅವಲಂಬಿಸಿದೆ.

ಗಣಕದಲ್ಲಿ ಕನ್ನಡ ಬರೆಯುವ ತೊಡಕು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಬಹುಮಟ್ಟಿಗೆ ನೀಗಿತು. ಬರೆದುದನ್ನು ಉಳಿಸಿಕೊಳ್ಳುವ ತೊಡಕು ಬೇರೆಯದೇ. ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಜಿಯು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತಿತ್ತು. ಯೂನಿಕೋಡ್ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆಯನ್ನು ನೀಡಿತು. ಅದರಲ್ಲಿ ಕನ್ನಡ ಮತ್ತು ಮಲಯಾಳಂ ಅಕ್ಕಪಕ್ಕದ ವಿಭಾಗಗಳು. ಎರಡರಲ್ಲೂ ಕಕಾರಕ್ಕೆ ಒಂದೇ ಕ್ರಮಾಂಕದ ಸ್ಥಾನ. ಒಂದೇ ಕಡತದಲ್ಲಿ ಎರಡೂ ಭಾಷೆಗಳು ನೆರೆಹೊರೆಯವರಂತೆ ಬಾಳಬಲ್ಲವು. ಆದುದರಿಂದ ಕಚೇರಿಯು ಯಾವ ತಂತ್ರಾಂಶವನ್ನು ಕೊಂಡಿತೆಂಬುದಕ್ಕಿಂತ ಯೂನಿಕೋಡಿನಲ್ಲಿ ಬರೆಯುತ್ತಿದೆಯೇ ಎಂಬುದು ಮುಖ್ಯ. ತಂತ್ರಾಂಶಗಳು ಬದಲಾಗುತ್ತವೆ, ಕಡತ ಉಳಿಯಬೇಕು.

ಈಗಿನ ಹೊಸ ಆಕರ್ಷಣೆ ಯಂತ್ರಾನುವಾದ. ಕ್ಷಣಮಾತ್ರದಲ್ಲಿ ಕರಡು ಸಿದ್ಧವಾಗುವುದು ಉಪಕಾರವೇ ಸರಿ. ಆದರೆ ಕರಡನ್ನು ಆದೇಶವೆಂದು ಭಾವಿಸುವುದು ಅಪಾಯ. ಮಲಯಾಳದ ‘ಅಪೇಕ್ಷ’ ಎಂದರೆ ಅರ್ಜಿ. ಕನ್ನಡದ ಅಪೇಕ್ಷೆ ಬಯಕೆ. ಅಲ್ಲಿನ ‘ಅವಧಿ’ ರಜೆ. ಇಲ್ಲಿನ ಅವಧಿ ಕಾಲಮಿತಿ. ಅಲ್ಲಿನ ‘ಅವಸರಂ’ ಅವಕಾಶ. ಇಲ್ಲಿನ ಅವಸರ ತ್ವರೆ. ರೂಪ ಒಂದೇ ಆಗಿ ಅರ್ಥ ಬೇರೆಯಾಗುವ ಇಂತಹ ಪದಗಳಲ್ಲಿ ಯಂತ್ರವೂ ಎಡವಬಹುದು, ಅವಸರದ ಮನುಷ್ಯನೂ ಎಡವಬಹುದು. ತಪ್ಪಿದ ಪದದ ಫಲವನ್ನು ಉಣ್ಣುವವರು ಮಾತ್ರ ಪಿಂಚಣಿಗಾಗಿಯೋ ಭೂದಾಖಲೆಗಾಗಿಯೋ ಕಾದು ಕುಳಿತ ಸಾಮಾನ್ಯರು.

ಎರಡೂ ಭಾಷೆಗಳನ್ನು ಬಲ್ಲ, ಅರ್ಥಭೇದವನ್ನು ಗುರುತಿಸಬಲ್ಲ ಓದುಗ ಇಂತಹ ಕಚೇರಿಗೆ ಅನಿವಾರ್ಯ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುವ ವ್ಯಾಕರಣ, ಶಬ್ದಾರ್ಥ ಹಾಗೂ ಅನುವಾದದ ವಿವೇಕ ಈ ಕೆಲಸಕ್ಕೆ ನೇರವಾಗಿ ಸಲ್ಲುತ್ತದೆ. ಅದರ ಜೊತೆಗೆ ಯೂನಿಕೋಡ್ ಬರವಣಿಗೆಯನ್ನೂ ಕರಡು ತಿದ್ದುವ ಅಭ್ಯಾಸವನ್ನೂ ಅವರು ರೂಢಿಸಿಕೊಂಡರೆ ಯಂತ್ರ ಪ್ರತಿಸ್ಪರ್ಧಿಯಾಗದೆ ಸಹಾಯಕನಾಗುತ್ತದೆ.

‘ಅವಕಾಶ’ವೆಂಬ ಪದಕ್ಕೂ ಗಡಿಯಲ್ಲಿ ಎರಡು ಅರ್ಥಗಳಿವೆ. ಮಲಯಾಳದಲ್ಲಿ ಅದು ಹಕ್ಕು, ಕನ್ನಡದಲ್ಲಿ ಸಂದರ್ಭ. ಹಕ್ಕು ಕಾಯ್ದೆಯಲ್ಲಿದೆ, ಅದನ್ನು ಕಡತದಲ್ಲಿ ಉಳಿಸುವ ಸಂದರ್ಭ ಈಗ ವಿದ್ಯಾರ್ಥಿಗಳ ಮುಂದಿದೆ.